ಚಗಳಿ ಕೊಟ್ಟೆಯ ಪಕ್ಕ ಕೂತು

ಚಗಳಿ ಕಚ್ಚಿದರೆ ಕೈ ಅಲುಗುತ್ತದೆ, ಕೈ ಅಲುಗಿದರೆ ಫೋಟೊ ಹೋಯಿತು. ಮಲೆನಾಡಿನಲ್ಲಿ ಮ್ಯಾಕ್ರೊ ಫೋಟೊಗ್ರಫಿಗೆ ಇಳಿದವರ ಕಷ್ಟ ಶುರುವಾಗುವುದೇ ಇಲ್ಲಿಂದ. ತಮ್ಮ ಮರಿಹುಳುಗಳು ಬಿಡುವ ನೂಲಿನಿಂದ ಎಲೆ ಹೊಲಿದು ಕೊಟ್ಟೆ ಕಟ್ಟುವ ಈ ಕೆಂಪಿರುವೆಯ ಚಟ್ನಿಗೆ ನಮ್ಮಲ್ಲಿ ಬಹಳ ಗಿರಾಕಿಗಳಿದ್ದಾರೆ. ನಾನು ಕೊಟ್ಟೆಯ ಪಕ್ಕ ಕೂರುವುದು ಮಾತ್ರ ಚಗಳಿಯ ವೇಷ ಹಾಕಿಕೊಂಡು ಓಡಾಡುವ ಒಂದು ಜೇಡಕ್ಕಾಗಿ.

ಅದಕ್ಕೂ ಎಲ್ಲ ಜೇಡಗಳಂತೆ ಎಂಟು ಕಾಲು. ಮುಂದಿನೆರಡನ್ನು ಕುಡಿಮೀಸೆಯಂತೆ ಎತ್ತಿ ಆಡಿಸುತ್ತ, ಇರುವೆಯ ನಡಿಗೆಯನ್ನೇ ನಡೆಯುತ್ತದೆ. ಆದರೆ ಚಗಳಿಗೆ ಚಗಳಿ ಎದುರಾದರೆ ಮೀಸೆ ತಾಗಿಸಿ ವಿಚಾರಿಸಿಕೊಳ್ಳುತ್ತವೆ. ಈ ಜೇಡ ತಪ್ಪಿಸಿಕೊಂಡು ಪಕ್ಕಕ್ಕೆ ಸರಿಯುತ್ತದೆ. ಗಾಬರಿಯಾದರೆ ಎಳೆ ಬಿಟ್ಟು ಎಲೆಯಿಂದ ಕೆಳಕ್ಕೆ ಜಾರುತ್ತದೆ. ಇದನ್ನು ಗುರುತಿಸಲು ಲೆನ್ಸ್ ಬೇಡ, ಬರಿಗಣ್ಣು ಸಾಕು. ಬಂದ ಕೂಡಲೇ ಕ್ಯಾಮೆರಾಕ್ಕೆ ಕಣ್ಣು ಅಂಟಿಸಿದವರಿಗೆ ಕಾಣುವುದು ಬರೀ ಇರುವೆಗಳೇ. ತಾಳ್ಮೆಯೆಂದರೆ ಸುಮ್ಮನೆ ಕಾಯುವುದು ಎಂದುಕೊಂಡವರ ಬಗ್ಗೆ ನನಗೆ ಅನುಮಾನ. ಏನನ್ನು ಕಾಯುತ್ತಿದ್ದೇವೆಂದು ತಿಳಿಯದಿದ್ದರೆ ಸೊಳ್ಳೆಗೆ ರಕ್ತ ಕೊಟ್ಟಿದ್ದಷ್ಟೇ ಲಾಭ.

ಜೇಡ ಸಿಕ್ಕ ಮೇಲಿನದು ಬೇರೆಯದೇ ಪರೀಕ್ಷೆ. ಅದರ ಬಿಂಬ ಸೆನ್ಸರ್ ಮೇಲೆ ನಿಜಗಾತ್ರದಲ್ಲಿ ಬೀಳುವಷ್ಟು ಹತ್ತಿರ ಹೋದಾಗ, ಎಫ್/11 ಇಟ್ಟರೂ ಸ್ಪಷ್ಟವಾಗಿ ಕಾಣುವ ಆಳ 1–2 ಮಿಲಿಮೀಟರ್ ಮಾತ್ರ. ಇನ್ನೂ ಕಿರಿದು ಮಾಡೋಣವೆಂದು ಎಫ್/22ಕ್ಕೆ ಹೋದರೆ ಬೆಳಕು ಅಂಚಿನಲ್ಲಿ ಚದುರಿ ಇಡೀ ಚಿತ್ರವೇ ಮಸುಕು. ಅದಕ್ಕೇ ನಾನು ಆಟೊಫೋಕಸ್ ಆರಿಸಿ, ಫೋಕಸ್ ಉಂಗುರವನ್ನೂ ಮುಟ್ಟದೆ, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತೇನೆ. ಮೊಣಕೈ ಮೊಣಕಾಲಿಗೆ ಊರಿ, ಉಸಿರು ಪೂರ್ತಿ ಬಿಟ್ಟಾಗ ಸಿಗುವ ಆ ಚೂರು ಬಿಡುವಿನಲ್ಲಿ ಬಟನ್ ಒತ್ತಬೇಕು. ಜೇಡದ ಮುಂಗಣ್ಣೆರಡು ಶಾರ್ಪ್ ಆಗಿ ಬಂದರೆ ಹೊಟ್ಟೆ ಮಸುಕಾದರೂ ಚಿತ್ರ ನಿಲ್ಲುತ್ತದೆ. ಕಣ್ಣು ಹೋದರೆ ಉಳಿದದ್ದೆಲ್ಲ ದಂಡ. ಗಾಳಿ ಏಳುವ ಮೊದಲೇ ಹೋಗುವುದು ವಾಸಿ, ಬೆಳಗಿನ ಚಳಿಗೆ ಕೀಟಗಳೂ ಮಂದವಾಗಿರುತ್ತವೆ.

ಇಷ್ಟು ಕಾಯಲಾರದೆ ಕೀಟವನ್ನು ಡಬ್ಬಿಯಲ್ಲಿ ತುಂಬಿ ಫ್ರಿಜ್‌ನಲ್ಲಿಟ್ಟು, ಜಡವಾದ ಮೇಲೆ ಎಲೆಯ ಮೇಲೆ ಕೂರಿಸಿ ತೆಗೆಯುವವರಿದ್ದಾರೆ. ಆ ಚಿತ್ರಗಳನ್ನು ಹೊಗಳಲು ನನ್ನಿಂದಾಗದು. ಚಗಳಿ ಹುಡುಕಿ ಹೊರಟವರು ದಯವಿಟ್ಟು ಮೊದಲ ಅರ್ಧ ಗಂಟೆ ಕ್ಯಾಮೆರಾವನ್ನು ಚೀಲದಲ್ಲೇ ಇಡಿ. ಚಿತ್ರಕ್ಕೆ ಅಡ್ಡ ಬಂತೆಂದು ಕೊಟ್ಟೆಯ ಒಂದೆಲೆಯನ್ನೂ ಕೀಳಬೇಡಿ.