ಒಂದು ವೋಟಿನ ಊರಿನ ಕೂಸಿಗೆ

ಕೂಸೆ, ಫೋನು ಆಫ್ ಮಾಡಿಕೊಂಡಿದ್ದೀಯಂತೆ. ಅದಕ್ಕೇ ಕಾಗದದಲ್ಲಿ ಬರೆದು ನಿಮ್ಮಪ್ಪನ ಕೈಗೆ ಕೊಡುತ್ತಿದ್ದೇನೆ. ನಿನ್ನ ಅಂಕಪಟ್ಟಿ ನೋಡಿದೆ. ಅಕೌಂಟ್ಸ್ 62, ಲಾ 38, ಟ್ಯಾಕ್ಸ್ 47. ಕೂಡಿದರೆ 147. ಸಿಎ ಇಂಟರ್‌ನ ಮೊದಲ ಗ್ರೂಪು ಪಾಸಾಗಬೇಕಾದರೆ ಪ್ರತಿ ಪೇಪರಿನಲ್ಲೂ 40 ಬರಬೇಕು, ಮೂರೂ ಸೇರಿ 150 ಆಗಬೇಕು. ಲಾದಲ್ಲಿ ಎರಡು ಕಮ್ಮಿ, ಮೊತ್ತದಲ್ಲಿ ಮೂರು ಕಮ್ಮಿ. "ಹೋಯ್ತು ಕಣಣ್ಣ" ಅಂದ ನಿಮ್ಮಪ್ಪ. ಏನು ಹೋಯ್ತು, ಏನು ಉಳಿದಿದೆ ಅಂತ ಅವನೂ ನೋಡಿಲ್ಲ, ನೀನೂ ನೋಡಿದಂತಿಲ್ಲ.

ನಾನು ಆ ಪರೀಕ್ಷೆ ಬರೆದವನಲ್ಲ. ಚಾಮರಾಜನಗರದ ಆಡಿಟರ್ ಆಫೀಸಿನಲ್ಲಿ ತಲೆ ನರೆಯುವವರೆಗೂ ಲೆಕ್ಕ ಬರೆದುಕೊಂಡಿದ್ದವನು. ಆದರೆ ಆರ್ಟಿಕಲ್ ತರಬೇತಿಗೆ ಅಂತ ಬಂದ ಹುಡುಗ ಹುಡುಗಿಯರನ್ನು ಬೇಕಾದಷ್ಟು ಕಂಡಿದ್ದೇನೆ. ರಿಸಲ್ಟಿನ ದಿನ ಮೊಬೈಲು ಹಿಡಿದುಕೊಂಡು ಒಬ್ಬೊಬ್ಬರೇ ಮಹಡಿ ಹತ್ತುತ್ತಿದ್ದರು. ಪಾಸಾದವರು ತಾವಾಗಿಯೇ ಇಳಿದು ಬರುತ್ತಿದ್ದರು. ಫೇಲಾದವರನ್ನು ಟೀ ಕುಡಿಯೋಣ ಬನ್ನಿ ಅಂತ ನಾನೇ ಹೋಗಿ ಕರೆದುಕೊಂಡು ಬರುತ್ತಿದ್ದೆ. ಹಾಗೆ ಕರೆತಂದವರಲ್ಲಿ ಎಷ್ಟೋ ಮಂದಿ ಈಗ ಆಡಿಟರುಗಳು. ಅವರು ಎರಡನೇ ಸಲ ಓದಿದ ರೀತಿ ಕಂಡವನಾಗಿ ಹೇಳುತ್ತೇನೆ, ಕೇಳು.

ಮೊದಲು ಲೆಕ್ಕ. ಅಕೌಂಟ್ಸಿನಲ್ಲಿ 60 ದಾಟಿದ್ದೀಯ. ಫೇಲಾದ ಗ್ರೂಪಿನಲ್ಲಿ 60 ಅಥವಾ ಅದಕ್ಕಿಂತ ಹೆಚ್ಚು ಬಂದ ಪೇಪರಿಗೆ ಮುಂದಿನ ಮೂರು ಪರೀಕ್ಷೆಗಳವರೆಗೆ ವಿನಾಯಿತಿ. ಆ 62 ನಿನ್ನ ಖಾತೆಯಲ್ಲೇ ಇರುತ್ತದೆ, ಮೊತ್ತಕ್ಕೂ ಸೇರುತ್ತದೆ. 150ರಲ್ಲಿ 62 ಕಳೆದರೆ 88. ಲಾ, ಟ್ಯಾಕ್ಸ್ ಎರಡರಿಂದ ಈ ಸಲ ತಂದಿರುವುದು 85. ಮೂರೇ ಅಂಕ ತಾನೇ ಅಂತ ಹಗುರಾಗಬೇಡ. ಟ್ಯಾಕ್ಸಿನಲ್ಲಿ 70 ತೆಗೆದು ಲಾದಲ್ಲಿ 39ಕ್ಕೆ ನಿಂತರೆ ಮತ್ತೆ ಫೇಲೇ. ಇನ್ನೊಂದು ಮಾತು: ಮುಂಚೆ ಪರೀಕ್ಷೆ ವರ್ಷಕ್ಕೆ ಎರಡು ಸಲ ಇತ್ತು, ಮೂರು ಅವಕಾಶ ಅಂದರೆ ಒಂದೂವರೆ ವರ್ಷ. 2024ರಿಂದ ಇಂಟರ್ ವರ್ಷಕ್ಕೆ ಮೂರು ಸಲ ನಡೆಯುತ್ತಿದೆ. ಅವಕಾಶ ಅಷ್ಟೇ ಇದೆ, ಆದರೆ ಒಂದೇ ವರ್ಷದಲ್ಲಿ ತೀರಿಹೋಗುತ್ತದೆ. ಒಂದು ಸಲ ಬಿಟ್ಟು ನಿಧಾನವಾಗಿ ಬರೆದರಾಯ್ತು ಅನ್ನುವವರ ಮಾತು ಕೇಳಬೇಡ. ನಿನ್ನ 62 ಕಾಯುವುದಿಲ್ಲ.

ಎರಡು ಮೂರು ಅಂಕಕ್ಕೆ ಹೋಯಿತಲ್ಲ ಅನ್ನುವ ಸಂಕಟ ನಮ್ಮ ಸಂತೆಮರಹಳ್ಳಿಯವರಿಗೆ ಹೊಸದಲ್ಲ. 2004ರ ವಿಧಾನಸಭೆ ಚುನಾವಣೆ ನೀನು ಹುಟ್ಟುವ ಆಸುಪಾಸಿನದು. ಆಗ ನಮ್ಮದೇ ಒಂದು ಕ್ಷೇತ್ರ ಇತ್ತು. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ವೋಟು, ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ವೋಟು! ಸರ್ಕಲ್ಲಿನಲ್ಲಿ ವರ್ಷಗಟ್ಟಲೆ ಅದೇ ಮಾತು. ಆ ಒಂದು ವೋಟು ಯಾರದು, ಯಾರು ಹಾಕಲಿಲ್ಲ, ಯಾರು ಬಸ್ಸು ತಪ್ಪಿಸಿಕೊಂಡರು ಅಂತ ಊರೂರಿಗೊಂದು ಕತೆ. ಗೆದ್ದವರನ್ನು ಎಲ್ಲರೂ ನೆನೆಯುತ್ತಾರೆ, ನೆನೆಯಬೇಕಾದವರೇ. ನನಗೆ ಸೋತವರ ಕಡೆ ಕುತೂಹಲ. 2008ರ ಹೊತ್ತಿಗೆ ಕ್ಷೇತ್ರ ಮರುವಿಂಗಡಣೆಯಾಗಿ ಸಂತೆಮರಹಳ್ಳಿ ಕ್ಷೇತ್ರವೇ ಇಲ್ಲವಾಯಿತು. ಸಿಲಬಸ್ಸೇ ಬದಲಾಯಿತು ಅನ್ನು. ಕೃಷ್ಣಮೂರ್ತಿ ಪಕ್ಷ ಬದಲಿಸಿ, 2018ರಲ್ಲಿ ಕೊಳ್ಳೇಗಾಲದಲ್ಲಿ ನಿಂತು ಅಲ್ಲೂ ಸೋತರು. 2023ರಲ್ಲಿ ಅದೇ ಕೊಳ್ಳೇಗಾಲದಿಂದ ಗೆದ್ದು ವಿಧಾನಸಭೆಗೆ ಹೋದರು. ರಾಜಕೀಯ ನಿನಗೂ ಬೇಡ, ನನಗೂ ಬೇಡ. ಆದರೆ ಆ ಒಂದು ವೋಟಿನ ಕತೆಯನ್ನೇ ಹೇಳಿಕೊಂಡು ಜಗುಲಿಯ ಮೇಲೆ ಕೂತಿದ್ದರೆ ಅವರನ್ನು ಕೇಳುವವರು ಯಾರಿದ್ದರು?

ನಿನ್ನ ಹಾಗೆ ಫೇಲಾದವರ ಸಂಖ್ಯೆಯೇನೂ ಸಣ್ಣದಲ್ಲ. 2025ರ ಜನವರಿಯ ಇಂಟರ್ ಮೊದಲ ಗ್ರೂಪಿನಲ್ಲಿ ಪಾಸಾದವರು ನೂರಕ್ಕೆ 14. ಉಳಿದ 86 ಮಂದಿಯೂ ದಡ್ಡರಲ್ಲ. ನಿಮ್ಮತ್ತೆ "ಇನ್ನೂ ಎಷ್ಟು ದಿವ್ಸ ಓದೀಯೆ ಕೂಸೆ, ವಯಸ್ಸಾಯ್ತಾ ಬಂತು" ಅಂದಾಗ ಈ ಅಂಕಿಅಂಶ ಒಪ್ಪಿಸಲು ಹೋಗಬೇಡ, ಅವರಿಗೆ ಹಿಡಿಸುವುದಿಲ್ಲ. ಮುಂದಿನ ಪರೀಕ್ಷೆ ಯಾವ ತಿಂಗಳು ಅನ್ನುವುದನ್ನು ಮಾತ್ರ ಹೇಳು. ತಾರೀಕು ಹೇಳುವವರನ್ನು ಜನ ಹೆಚ್ಚು ಕೆಣಕುವುದಿಲ್ಲ.

ನಿಮ್ಮಪ್ಪ ನಿನ್ನನ್ನು ಬೆಂಗಳೂರಿನ ಹಾಸ್ಟೆಲ್ಲಿಗೆ ಹಾಕಿ ಇನ್ನೊಂದು ಸಲ ಕೋಚಿಂಗ್ ಕೊಡಿಸುವ ಯೋಚನೆಯಲ್ಲಿದ್ದಾನೆ. ರೇಷ್ಮೆ ಗೂಡಿನ ದುಡ್ಡು ಹೇಗೆ ಬರುತ್ತದೆ ಅಂತ ನಿನಗೆ ಗೊತ್ತು. ನನ್ನ ಅಭಿಪ್ರಾಯ ಕೇಳಿದರೆ, ಬೇಡ. ಒಂದು ಸಲ ಪೂರ್ತಿ ಕ್ಲಾಸು ಕೇಳಿದವಳು ನೀನು. ಮತ್ತೆ ಕೇಳಿದರೆ ತಲೆ ಆಡಿಸಿಕೊಂಡು ಕೂರುವೆ ಅಷ್ಟೇ. ಸಿಎ ಇನ್‌ಸ್ಟಿಟ್ಯೂಟಿನವರದೇ ಪುಸ್ತಕ, ಉಚಿತ ಆನ್‌ಲೈನ್ ಕ್ಲಾಸು, ಹಳೇ ಪ್ರಶ್ನೆಪತ್ರಿಕೆಗಳಿಗೆ ಅವರೇ ಕೊಡುವ ಮಾದರಿ ಉತ್ತರ, ಮಾಕ್ ಟೆಸ್ಟಿನ ಪೇಪರು ಎಲ್ಲ ಇದೆ. ಮಂಚದ ಕೆಳಗಿರುವ ಆ ಪುಸ್ತಕಗಳ ಬೆನ್ನು ಇನ್ನೂ ಮುರಿದಿಲ್ಲ, ನಾನು ನೋಡಿದ್ದೇನೆ.

ದುಡ್ಡು ಖರ್ಚು ಮಾಡಲೇಬೇಕು ಅಂದರೆ ಒಂದು ಕಡೆ ಮಾಡು. ನಿನ್ನ ಉತ್ತರ ಪತ್ರಿಕೆಯ ದೃಢೀಕೃತ ಪ್ರತಿ ತರಿಸಿಕೋ. ಪೇಪರಿಗೆ 500 ರೂಪಾಯಿ, ರಿಸಲ್ಟ್ ಬಂದ ಒಂದು ತಿಂಗಳೊಳಗೆ ಅರ್ಜಿ ಹಾಕಬೇಕು. ತನ್ನ ಉತ್ತರ ಪತ್ರಿಕೆ ನೋಡುವುದು ವಿದ್ಯಾರ್ಥಿಯ ಹಕ್ಕು ಅಂತ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಮಾರ್ಕ್ಸ್ ಜಾಸ್ತಿ ಆಗುತ್ತದೆ ಅನ್ನುವ ಆಸೆಗಲ್ಲ. ಅಂಕಗಳ ವೆರಿಫಿಕೇಶನ್‌ಗೆ ಹಾಕಿದರೂ ಕೂಡಿಕೆ ಸರಿಯಿದೆಯಾ, ಯಾವುದಾದರೂ ಉತ್ತರ ತಿದ್ದದೆ ಉಳಿದಿದೆಯಾ ಅಷ್ಟು ನೋಡುತ್ತಾರೆ, ಮರುಮೌಲ್ಯಮಾಪನ ಅನ್ನುವುದು ಅಲ್ಲಿಲ್ಲ. ನಾನು ತರಿಸಿಕೋ ಅನ್ನುವುದು ಬೇರೆ ಕಾರಣಕ್ಕೆ. ಆಫೀಸಿನಲ್ಲಿ ಒಬ್ಬ ಹುಡುಗ ಇದ್ದ. ಲಾ ಪೂರ್ತಿ ಬಾಯಿಪಾಠ, ಸೆಕ್ಷನ್ ನಂಬರು ಕೇಳಿದರೆ ನಿದ್ದೆಯಲ್ಲೂ ಹೇಳುವವನು. ಫೇಲಾದ. ಪ್ರತಿ ತರಿಸಿ ನೋಡಿದರೆ ಕೊನೆಯ ಪ್ರಶ್ನೆಗೆ ನಂಬರು ಮಾತ್ರ ಬರೆದು ಕೆಳಗೆ ಖಾಲಿ ಬಿಟ್ಟಿದ್ದಾನೆ. ಮೊದಲನೇ ಉತ್ತರ ಮಾತ್ರ ನಾಲ್ಕು ಪುಟ! ಅವನಿಗೆ ಬೇಕಾಗಿದ್ದದ್ದು ಇನ್ನಷ್ಟು ಓದಲ್ಲ, ಕೈಗಡಿಯಾರ.

ಎರಡನೇ ಸಲ ಓದುವವರಿಗೆ ದೊಡ್ಡ ಅಪಾಯ ಯಾವುದು ಅಂದರೆ, ಪುಟ ತಿರುಗಿಸಿದಾಗಲೆಲ್ಲ 'ಇದು ಗೊತ್ತು' ಅನ್ನಿಸುವುದು. ಹಳದಿ ಗೆರೆ ಎಳೆದ ಸಾಲು ಕಣ್ಣಿಗೆ ಪರಿಚಯ, ಅಂಚಿನಲ್ಲಿ ಬರೆದದ್ದು ಪರಿಚಯ. ಪರಿಚಯ ಇದೆ ಅಂತ ಮನಸ್ಸು ಮುಂದಕ್ಕೆ ಓಡುತ್ತದೆ. ಪುಸ್ತಕ ಮುಚ್ಚಿ ಬರೆ ಅಂದರೆ ಕೈ ನಿಲ್ಲುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರೋಡಿಗರ್, ಕಾರ್ಪಿಕೆ ಅನ್ನುವ ಇಬ್ಬರು 2006ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಒಂದು ಗುಂಪಿಗೆ ಪಾಠವನ್ನು ಮತ್ತೆ ಮತ್ತೆ ಓದಲು ಬಿಟ್ಟರು, ಇನ್ನೊಂದು ಗುಂಪಿಗೆ ಓದಿದ ಮೇಲೆ ನೋಡದೆ ಬರೆಯಲು ಹೇಳಿದರು. ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಓದಿದವರದೇ ಮೇಲುಗೈ. ವಾರ ಕಳೆದು ಕೇಳಿದಾಗ ನೋಡದೆ ಬರೆದವರೇ ಹೆಚ್ಚು ಹೇಳಿದರು. ನಿನ್ನ ಪರೀಕ್ಷೆ ಐದು ನಿಮಿಷದ ಮೇಲೆ ಇರುವುದಿಲ್ಲ ತಾನೇ.

ಅದಕ್ಕೇ ಲಾ ಪುಸ್ತಕ ಮೊದಲ ಪುಟದಿಂದ ತೆಗೆಯಬೇಡ. ಹಳೇ ಪ್ರಶ್ನೆ ತೆಗೆ, ಬರೆ, ಆಮೇಲೆ ಪುಸ್ತಕ ನೋಡು. ಒಂದು ಪ್ರಶ್ನೆ ನಾನೇ ಕೊಡುತ್ತೇನೆ. ಒಂದು ಪಬ್ಲಿಕ್ ಕಂಪನಿ, 1,200 ಸದಸ್ಯರು. ವಾರ್ಷಿಕ ಸಭೆಗೆ ಹೊತ್ತು ಮೀರಿ ಅರ್ಧ ಗಂಟೆಯಾದರೂ ಬಂದಿರುವುದು ಹನ್ನೆರಡೇ ಜನ. ಮುಂದೇನು? ಗ್ರಾಮಸಭೆಯಲ್ಲಿ ಕೋರಂ ಇಲ್ಲ ಅಂತ ಶಾಮಿಯಾನ ಬಿಚ್ಚಿದ್ದನ್ನು ನೋಡಿ ಬೆಳೆದವಳು ನೀನು. 'ಕೋರಂ ಇಲ್ಲ, ಸಭೆ ರದ್ದು' ಅಂತ ಒಂದೇ ಸಾಲು ಬರೆದುಬಿಡುತ್ತೀಯ. ತಿದ್ದುವವರು ಏನು ಕೊಡಬೇಕು? ಮೊದಲು ಕಾನೂನು: ಕಂಪನಿ ಕಾಯ್ದೆಯ 103ನೇ ಸೆಕ್ಷನ್ ಪ್ರಕಾರ ಪಬ್ಲಿಕ್ ಕಂಪನಿಯಲ್ಲಿ ಸದಸ್ಯರು ಸಾವಿರದವರೆಗೆ ಇದ್ದರೆ ಐದು ಜನ, ಸಾವಿರ ದಾಟಿ ಐದು ಸಾವಿರದವರೆಗೆ ಹದಿನೈದು, ಅದಕ್ಕೂ ಮೇಲೆ ಮೂವತ್ತು. ಆಮೇಲೆ ಈ ಸಂಗತಿ: ಸದಸ್ಯರು 1,200, ಹದಿನೈದು ಬೇಕು, ಬಂದವರು ಹನ್ನೆರಡು. ಕೊನೆಗೆ ತೀರ್ಮಾನ: ಸಭೆ ರದ್ದಾಗುವುದಿಲ್ಲ, ಮುಂದಿನ ವಾರ ಅದೇ ದಿನ, ಅದೇ ಹೊತ್ತು, ಅದೇ ಜಾಗಕ್ಕೆ ಮುಂದೂಡಿಕೆಯಾಗುತ್ತದೆ. ರದ್ದಾಗುವುದು ಸದಸ್ಯರೇ ಕೋರಿಕೆ ಕೊಟ್ಟು ಕರೆಸಿದ ಸಭೆ. ಮೂರು ಪ್ಯಾರಾ, ಆರೇಳು ಸಾಲು. ನಿನಗೆ ಇದೆಲ್ಲ ಗೊತ್ತಿತ್ತು, ಅಲ್ಲವೇ? ಗೊತ್ತಿದ್ದದ್ದು ಕಾಗದಕ್ಕೆ ಇಳಿದಿರಲಿಲ್ಲ. ನಿನ್ನ ಎರಡು ಅಂಕ ಅಲ್ಲೇ ಎಲ್ಲೋ ಬಿದ್ದಿವೆ.

ಇನ್ನು ಇಂಗ್ಲಿಷಿನ ಮಾತು. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವಳು ನೀನು. ಈ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬೇಕು, ಇಲ್ಲವೇ ಹಿಂದಿಯಲ್ಲಿ. ಕನ್ನಡಕ್ಕೆ ಅಲ್ಲಿ ಜಾಗವಿಲ್ಲ. ಅದು ನ್ಯಾಯವೇ ಅಂತ ಕೇಳಿದರೆ ಅಲ್ಲ ಅಂತಲೇ ನನ್ನ ಉತ್ತರ, ಆದರೆ ಆ ಜಗಳ ನೀನು ಪಾಸಾದ ಮೇಲೆ ಮಾಡೋಣ. ಸದ್ಯಕ್ಕೆ ಉದ್ದ ವಾಕ್ಯದ ಆಸೆ ಬಿಡು. ಒಂದು ವಾಕ್ಯದಲ್ಲಿ ಒಂದೇ ವಿಷಯ. ಕಾಯ್ದೆಯ ಮುಖ್ಯ ಪದಗಳನ್ನು ಮಾತ್ರ ಕಾಯ್ದೆಯಲ್ಲಿ ಇರುವಂತೆಯೇ ಬರೆ, ಮಿಕ್ಕಿದ್ದು ನಿನ್ನ ಸಾದಾ ಇಂಗ್ಲಿಷಿನಲ್ಲೇ ಇರಲಿ. ಓದುವಾಗ ಕನ್ನಡದಲ್ಲೇ ಯೋಚನೆ ಮಾಡು, ತಪ್ಪಿಲ್ಲ. ನಿಮ್ಮಮ್ಮನಿಗೆ ಕೋರಂ ಅಂದರೇನು ಅಂತ ಕನ್ನಡದಲ್ಲಿ ತಿಳಿಸಿ ಹೇಳಿ ನೋಡು. ಹೇಳಲು ಬಂದರೆ ನಿನಗೆ ಅರ್ಥವಾಗಿದೆ. ಇಂಗ್ಲಿಷಿನಲ್ಲಿ ಬರೆಯುವುದು ಅದರ ಮೇಲಿನ ಕೆಲಸ, ಕೈಗೆ ಆಗಬೇಕಾದ ರೂಢಿ.

ಹಾಗೆಯೇ ಪೇಪರಿಗೆ 30 ಅಂಕ ಬಹುಆಯ್ಕೆ ಪ್ರಶ್ನೆಗಳದು. ಇಂಟರ್‌ನಲ್ಲಿ ತಪ್ಪಿಗೆ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡ.

ಟ್ಯಾಕ್ಸಿನ ನೋಟ್ಸು ಇದೆ ಅಂತ ನೆಮ್ಮದಿಯಾಗಿರಬೇಡ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದೆ, 2026ರ ಏಪ್ರಿಲ್ 1ರಿಂದ ಜಾರಿ. ನಾನು ಆಯುಷ್ಯವಿಡೀ ಬರೆದ ಅಸೆಸ್‌ಮೆಂಟ್ ಇಯರ್ ಹೋಗಿ ಟ್ಯಾಕ್ಸ್ ಇಯರ್ ಆಗಿದೆ, ಸೆಕ್ಷನ್ ನಂಬರುಗಳೆಲ್ಲ ಬೇರೆ. 80ಸಿ ಅನ್ನುವುದು ನಮ್ಮ ನಾಲಿಗೆಗೆ ಅಂಟಿಹೋಗಿತ್ತು, ಅದೂ ಹೋಯಿತು ನೋಡು. ಜಿಎಸ್‌ಟಿಯಲ್ಲೂ 2025ರ ಸೆಪ್ಟೆಂಬರ್ 22ರಿಂದ ದರಗಳು ಬದಲಾದವು. ಯಾವ ಪರೀಕ್ಷೆಗೆ ಯಾವ ಕಾಯ್ದೆ, ಯಾವ ತಾರೀಕಿನವರೆಗಿನ ತಿದ್ದುಪಡಿ ಅಂತ ಇನ್‌ಸ್ಟಿಟ್ಯೂಟು ಮುಂಚೆಯೇ ಪ್ರಕಟಿಸುತ್ತದೆ. ಅದನ್ನು ಮೊದಲು ಓದಿ, ನಿನ್ನ ನೋಟ್ಸಿನಲ್ಲಿ ಯಾವುದು ಉಳಿಯಿತು, ಯಾವುದು ಸತ್ತಿತು ನೋಡು. ಸೀನಿಯರು ಪ್ರೀತಿಯಿಂದ ಕೊಟ್ಟ ಹಳೇ ಪುಸ್ತಕವನ್ನು ಕೈಮುಗಿದು ಇಟ್ಟುಕೋ, ಓದಬೇಡ.

ಎರಡನೇ ಗ್ರೂಪನ್ನೂ ಜೊತೆಗೆ ಬರೆಯಲೇ ಅಂತ ಅಪ್ಪನನ್ನು ಕೇಳಿದ್ದೀಯಂತೆ. ಎರಡೂ ಒಟ್ಟಿಗೆ ಬರೆದು, ಪ್ರತಿ ಪೇಪರಿನಲ್ಲಿ 40 ತೆಗೆದು, 600ಕ್ಕೆ 300 ಬಂದರೆ ಒಂದು ಗ್ರೂಪು 150 ಮುಟ್ಟದಿದ್ದರೂ ಎರಡೂ ಪಾಸು. ನಿನಗೆ ಲೆಕ್ಕದ ಪೇಪರು ಒಲಿಯುತ್ತದೆ, ಕಾಸ್ಟಿಂಗ್ ಕೈಹಿಡಿಯಬಹುದು. ಹೊಸ ಪದ್ಧತಿಯಲ್ಲಿ ಎರಡೂ ಗ್ರೂಪು ಮುಗಿಯದೆ ಆರ್ಟಿಕಲ್‌ಗೆ ಸೇರುವಂತೆಯೂ ಇಲ್ಲ. ಆಸೆಯಾಗುವುದು ಸಹಜ. ಆದರೆ ಕಾಸ್ಟಿಂಗ್ ಹಿಂದೆ ಆಡಿಟಿಂಗ್ ಪೇಪರೂ ಬರುತ್ತದಲ್ಲ? ಅದೂ ಲಾ ಥರದ ಬರವಣಿಗೆಯೇ. ಲಾ ಉತ್ತರ ಬರೆಯುವ ಕೈ ಕುದುರುವ ಮುಂಚೆ ಅದನ್ನು ಮೈಮೇಲೆ ಹಾಕಿಕೊಂಡರೆ ಎರಡು ಕಡೆ ಕುಂಟುತ್ತೀಯ. ಮೊದಲು ಹತ್ತು ದಿನ ಲಾ ಉತ್ತರ ಬರೆದು ನೋಡು, ಆಮೇಲೆ ತೀರ್ಮಾನ ಮಾಡು. ಒಂದು ಗ್ರೂಪಿಗೆ 1,500, ಎರಡಕ್ಕೆ 2,700 ರೂಪಾಯಿ ಫೀಸು. 1,200 ಉಳಿಯುತ್ತದೋ ಹೋಗುತ್ತದೋ ಅನ್ನುವುದು ಇಲ್ಲಿ ದೊಡ್ಡ ವಿಷಯವಲ್ಲ.

ಮನೆಯಲ್ಲಿ ಕೂತು ತಲೆ ಕೆಡುತ್ತದೆ ಅನ್ನಿಸಿದರೆ ಕೆಲಸಕ್ಕೆ ಬರಲಿ ಅಂತ ಚಾಮರಾಜನಗರದ ನಮ್ಮ ಆಡಿಟರ ಹತ್ತಿರ ಮಾತಾಡಿದ್ದೇನೆ. ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನ ಊಟದ ಹೊತ್ತಿಗೆ ವಾಪಸ್ಸು ಹೋಗಬಹುದು, ಸಂಬಳ ಅಷ್ಟಕ್ಕಷ್ಟೆ. ನಿಜವಾದ ಜಿಎಸ್‌ಟಿ ರಿಟರ್ನ್ ಕೈಯಲ್ಲಿ ಮಾಡಿದರೆ ಇನ್‌ಪುಟ್ ಕ್ರೆಡಿಟ್ ಅನ್ನುವುದು ಮರೆಯುವುದಿಲ್ಲ. ಆದರೆ ಪರೀಕ್ಷೆಗೆ ಎರಡು ತಿಂಗಳಿದೆ ಅನ್ನುವಾಗ ಬಿಟ್ಟುಬಿಡಬೇಕು. ಆಫೀಸಿನವರು ಬಿಡುವುದಿಲ್ಲ, "ಇದೊಂದು ಫೈಲು ಮುಗಿಸವ್ವ" ಅಂತಲೇ ಇರುತ್ತಾರೆ. ನೀನು ಬಾಯಿ ಬಿಟ್ಟು ಹೇಳಲಾರೆ ಅಂತ ಆ ತಾರೀಕನ್ನು ಈಗಲೇ ಅವರಿಗೆ ಹೇಳಿಟ್ಟಿದ್ದೇನೆ. ಕೊನೆಯ ಒಂದು ತಿಂಗಳು ವಾರಕ್ಕೊಂದು ಪೂರ್ತಿ ಪೇಪರು ಬರೆ, ಮೂರು ಗಂಟೆ ಎದ್ದೇಳದೆ, ಪರೀಕ್ಷೆ ನಡೆಯುವ ಹೊತ್ತಿಗೇ ಸರಿಯಾಗಿ. ಮನೆಯಲ್ಲಿ ಆಗದಿದ್ದರೆ ನಮ್ಮ ಮನೆಯ ಹಿಂದಿನ ಕೋಣೆ ಖಾಲಿ ಇದೆ. ನಿಮ್ಮ ದೊಡ್ಡಮ್ಮ ನಡುವೆ ನಡುವೆ ಕಾಫಿ ತಂದು ಮಾತಿಗೆ ಕೂರುತ್ತಾಳೆ, ಅವಳನ್ನು ನಾನು ನೋಡಿಕೊಳ್ಳುತ್ತೇನೆ.

ಉತ್ತರ ಪತ್ರಿಕೆಯ ಅರ್ಜಿಗೆ ದಿನ ಓಡುತ್ತಿದೆ. ಫೋನು ಆನ್ ಮಾಡಿ ಅದನ್ನು ಇವತ್ತೇ ಹಾಕು. ಲಾ, ಟ್ಯಾಕ್ಸ್ ಎರಡಕ್ಕೂ ಸೇರಿ ಸಾವಿರ ರೂಪಾಯಿ ನಿಮ್ಮಪ್ಪನ ಫೋನಿಗೆ ಕಳಿಸಿದ್ದೇನೆ. ಅಕೌಂಟ್ಸಿನದು ಬೇಡ.