ಗಲ್ಲಾದ ಕಂಪ್ಯೂಟರು, ಕಿಸೆಯ ಮೊಬೈಲು: ಎರಡರಲ್ಲೂ ಒಂದೇ ಲೆಕ್ಕ



ಪುಣೆ-ಸೊಲ್ಲಾಪುರ ಹೆದ್ದಾರಿಯ ಮೇಲೆ ಇಂದಾಪುರದ ಆಸುಪಾಸಿನಲ್ಲಿ ಹೋಟೆಲು ನಡೆಸುವ ನಮ್ಮಂಥವರ ಬದುಕು ಎರಡು ಕಡೆ ಹಂಚಿಹೋಗಿದೆ. ಗಲ್ಲಾ ಇಲ್ಲಿ, ಮನೆ, ಗದ್ದೆ, ದೈವಸ್ಥಾನ ಊರಿನಲ್ಲಿ. ನೇಮಕ್ಕೋ ಮದುವೆಗೋ ಊರಿಗೆ ಹೋದವರು ಬಸ್ಸಿನಿಂದ ಇಳಿಯುವ ಮೊದಲೇ ಮ್ಯಾನೇಜರನ ಫೋನು ಬರುವುದುಂಟು: "ಅಣ್ಣ, ಸಾಹೇಬ್ರು ಬಂದಿದ್ದಾರೆ. ಹುಡುಗರ ಮೆಡಿಕಲ್ ಸರ್ಟಿಫಿಕೇಟು, ನೀರಿನ ಟೆಸ್ಟ್ ರಿಪೋರ್ಟು ಕೇಳ್ತಾರೆ. ಎಲ್ಲುಂಟು?" ಕಾಗದ ಬೀರುವಿನಲ್ಲಿ, ಬೀರುವಿನ ಬೀಗದ ಕೈ ನಮ್ಮ ಕಿಸೆಯಲ್ಲಿ!

ಒಂದು ಸಾಧಾರಣ ಹೋಟೆಲಿನಲ್ಲಿ ಕಾಗದಪತ್ರಗಳೇನು ಕಡಿಮೆಯೇ? ಫುಡ್ ಲೈಸೆನ್ಸು, ಶಾಪ್ ಆಕ್ಟ್, ಜಾಗದ ಕರಾರು, ಜಿ.ಎಸ್.ಟಿ. ರಿಟರ್ನು, ಹಾಲಿನವನ ಲೆಕ್ಕ, ತರಕಾರಿ ಉದ್ರಿ, ಮದುವೆ ಆರ್ಡರಿನ ಮುಂಗಡ ಚೀಟಿ, ಹುಡುಗರ ಸಂಬಳದ ಪಟ್ಟಿ. ಇದರಲ್ಲಿ ಅರ್ಧ ಗಲ್ಲಾದ ಕಂಪ್ಯೂಟರಿನಲ್ಲಿದೆ, ಕಾಲುಭಾಗ ಮಾಲೀಕರ ಮೊಬೈಲಿನಲ್ಲಿ ಫೋಟೋ ಆಗಿ ಕುಳಿತಿದೆ, ಉಳಿದದ್ದು ಸಿ.ಎ. ಅವರಿಗೆ ಕಳಿಸಿದ ವಾಟ್ಸಾಪ್ ಸಂದೇಶಗಳ ನಡುವೆ ಹೂತುಹೋಗಿದೆ. ಇವೆಲ್ಲ ಒಂದೇ ಕಡೆ ಇದ್ದು, ಎಲ್ಲಿಂದ ಬೇಕಾದರೂ ತೆಗೆದು ನೋಡುವಂತಾಗಬೇಕು. ಅದಕ್ಕಿರುವ ವ್ಯವಸ್ಥೆಯೇ 'ಕ್ಲೌಡ್ ಸಿಂಕ್'. ಅದನ್ನು ಹೇಗೆ ಕಟ್ಟಿಕೊಳ್ಳಬೇಕು, ಎಲ್ಲಿ ಕೈ ಸುಟ್ಟುಕೊಳ್ಳುವ ಅಪಾಯವಿದೆ ಎಂಬುದನ್ನು ಈ ಸಂಚಿಕೆಯಲ್ಲಿ ನೋಡೋಣ.

ಕ್ಲೌಡ್ ಎಂದರೆ ಮೋಡ. ಇಂದಾಪುರ ಮಳೆನೆರಳಿನ ತಾಲೂಕು. ಇಲ್ಲಿಯವರು ಮೋಡವನ್ನು ನಂಬುವುದಿಲ್ಲ, ಉಜನಿ ಅಣೆಕಟ್ಟಿನ ಹಿನ್ನೀರನ್ನು ನಂಬುತ್ತಾರೆ. ಈ ಕಂಪ್ಯೂಟರ್ ಮೋಡವೂ ನಿಜವಾಗಿ ಅಣೆಕಟ್ಟಿನಂಥದ್ದೇ. ಗೂಗಲ್, ಮೈಕ್ರೋಸಾಫ್ಟ್‌ನಂಥ ಕಂಪನಿಗಳು ಎಲ್ಲೋ ಕಟ್ಟಿದ ದೊಡ್ಡ ಕಟ್ಟಡದಲ್ಲಿ ಸಾವಿರಾರು ಯಂತ್ರಗಳಿರುತ್ತವೆ. ನಮ್ಮ ಕಡತದ ಪ್ರತಿ ಅಲ್ಲಿ ಸಂಗ್ರಹವಾಗುತ್ತದೆ, ಅಲ್ಲಿಂದ ನಮ್ಮ ಕಂಪ್ಯೂಟರಿಗೂ ಮೊಬೈಲಿಗೂ ಕಾಲುವೆ ಹರಿಯುತ್ತದೆ. ಒಂದು ಕಡೆ ಬದಲಾಯಿಸಿದರೆ ಎಲ್ಲ ಕಡೆ ಬದಲಾಗುತ್ತದೆ. ಇದೇ ಸಿಂಕ್. ಇದರ ಗುಣವೂ ಇದೇ, ದೋಷವೂ ಇದೇ, ಮುಂದೆ ಹೇಳುತ್ತೇವೆ.

ಯಾವ ಕಂಪನಿಯದ್ದು ಒಳ್ಳೆಯದು ಎಂದು ಹಲವರು ಕೇಳುತ್ತಾರೆ. ಡ್ರಾಪ್‌ಬಾಕ್ಸ್ 2008ರಲ್ಲಿ ಜನರ ಬಳಕೆಗೆ ಬಂತು, ಗೂಗಲ್ ಡ್ರೈವ್ 2012ರಲ್ಲಿ. ಪುಕ್ಕಟೆ ಸಿಗುವ ಜಾಗ ಡ್ರಾಪ್‌ಬಾಕ್ಸ್‌ನಲ್ಲಿ 2 ಜಿಬಿ, ಮೈಕ್ರೋಸಾಫ್ಟ್‌ನ ಒನ್‌ಡ್ರೈವ್‌ನಲ್ಲಿ ಮತ್ತು ಆ್ಯಪಲ್‌ನ ಐಕ್ಲೌಡ್‌ನಲ್ಲಿ ತಲಾ 5 ಜಿಬಿ, ಗೂಗಲ್‌ನಲ್ಲಿ 15 ಜಿಬಿ. ನಮ್ಮಲ್ಲಿ ಬಹುಪಾಲು ಜನರ ಕೈಯಲ್ಲಿ ಆಂಡ್ರಾಯ್ಡ್ ಫೋನು ಇರುವುದರಿಂದ ಗೂಗಲ್ ಡ್ರೈವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಮುಂದಿನದನ್ನು ಬರೆದಿದ್ದೇವೆ. ಬೇರೆಯವುಗಳ ಕ್ರಮವೂ ಹೆಚ್ಚು ಕಡಿಮೆ ಹೀಗೆಯೇ.

15 ಜಿಬಿ ಎಂದರೆ ಹೋಟೆಲಿನ ಕಾಗದಪತ್ರಕ್ಕೆ ಧಾರಾಳವಾಯಿತು. ಆದರೆ ಈ ಜಾಗ ಡ್ರೈವ್‌ಗೆ ಮಾತ್ರವಲ್ಲ. ಜಿಮೇಲ್, ಗೂಗಲ್ ಫೋಟೋಸ್ ಎಲ್ಲಕ್ಕೂ ಸೇರಿದ್ದು. ಫೋಟೋಗಳಿಗಿದ್ದ ಮಿತಿಯಿಲ್ಲದ ಪುಕ್ಕಟೆ ಜಾಗ 2021ರ ಜೂನ್ 1ಕ್ಕೆ ನಿಂತಿತು. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಇದೇ ಲೆಕ್ಕಕ್ಕೆ ಬರುತ್ತದೆ. ಬೆಳಗಾದರೆ ಬರುವ ಶುಭೋದಯದ ಚಿತ್ರಗಳು, ಮೊಮ್ಮಗನ ವೀಡಿಯೋಗಳು ಜಾಗ ತುಂಬಿಸಿಬಿಡುತ್ತವೆ. ತುಂಬಿದರೆ ಏನಾದೀತು? ಕಡತ ಸಿಂಕ್ ಆಗುವುದು ನಿಲ್ಲುತ್ತದೆ, ಅದಕ್ಕಿಂತ ಮುಖ್ಯವಾಗಿ ಜಿಮೇಲ್‌ಗೆ ಹೊಸ ಪತ್ರ ಬರುವುದು ನಿಲ್ಲುತ್ತದೆ. ಜಿ.ಎಸ್.ಟಿ. ಇಲಾಖೆಯ ನೋಟೀಸು ಅದೇ ವಿಳಾಸಕ್ಕೆ ಬರುವುದಾದರೆ, ಅದು ಬಂದದ್ದೇ ಗೊತ್ತಾಗದೆ ಉತ್ತರ ಕೊಡುವ ಗಡುವು ಮುಗಿದುಹೋದೀತು.

ಆದ್ದರಿಂದ ಮೊದಲ ಕೆಲಸ: ಹೋಟೆಲಿಗೆಂದೇ ಒಂದು ಪ್ರತ್ಯೇಕ ಗೂಗಲ್ ಖಾತೆ ತೆರೆಯಿರಿ. ಸಂಸಾರದ ಫೋಟೋ ಅದಕ್ಕೆ ಸೇರದಿರಲಿ. ಈ ಖಾತೆ ಮ್ಯಾನೇಜರನ ಹೆಸರಿನಲ್ಲಿ ಬೇಡ, ಕಂಪ್ಯೂಟರ್ ಬಲ್ಲ ಅಳಿಯನ ಹೆಸರಿನಲ್ಲೂ ಬೇಡ. ಅವರ ಮೇಲೆ ಅಪನಂಬಿಕೆಯಿಂದ ಈ ಮಾತು ಹೇಳುತ್ತಿಲ್ಲ. ಕಡತ ಯಾರ ಖಾತೆಯಲ್ಲಿ ಹುಟ್ಟಿತೋ ಅವರೇ ಅದರ ಒಡೆಯರು ಎಂಬುದು ಡ್ರೈವ್‌ನ ನಿಯಮ. ನಾಳೆ ಆತ ಕೆಲಸ ಬಿಟ್ಟು ಸ್ವಂತ ಹೋಟೆಲು ಹಾಕಿ, ಹಳೆಯ ಖಾತೆಯನ್ನು ಅಳಿಸಿಹಾಕಿದರೆ ನಿಮ್ಮ ನಾಲ್ಕು ವರ್ಷದ ಉದ್ರಿ ಪಟ್ಟಿಯೂ ಅದರೊಂದಿಗೇ ಹೋಗುತ್ತದೆ. ಖಾತೆಗೆ ಜೋಡಿಸುವ ಮೊಬೈಲ್ ನಂಬರು ಮಾಲೀಕರದ್ದೇ ಆಗಿರಲಿ. ಎರಡು ಹಂತದ ಪರಿಶೀಲನೆ ಖಂಡಿತ ಹಾಕಿಕೊಳ್ಳಿ. ಊರಿನಲ್ಲಿ ಸಿಗ್ನಲ್ ಸಿಗದೆ ಓ.ಟಿ.ಪಿ. ಬರದಿದ್ದರೆ ಏನು ಗತಿ ಎಂಬ ಪ್ರಶ್ನೆ ಸಹಜ. ಅದಕ್ಕಾಗಿ ಗೂಗಲ್ 10 'ಬ್ಯಾಕಪ್ ಕೋಡ್'ಗಳನ್ನು ಕೊಡುತ್ತದೆ, ಒಂದೊಂದೂ ಒಂದು ಸಲಕ್ಕೆ ಮಾತ್ರ. ಅವನ್ನು ಕಾಗದದಲ್ಲಿ ಬರೆದು ಒಂದು ಪ್ರತಿ ಇಲ್ಲಿಯ ಬೀರುವಿನಲ್ಲಿ, ಇನ್ನೊಂದು ಊರಿನ ಮನೆಯಲ್ಲಿ ಇಡಿ. ಇನ್ನೊಂದು ವಿಷಯ: 2 ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ತೆಗೆದುಹಾಕಲು ಆರಂಭಿಸಿದೆ. ಹಳೆಯ ಖಾತೆಯಲ್ಲಿ ಕರಾರುಪತ್ರ ಇಟ್ಟು ಮರೆತವರು ಇಂದೇ ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಎರಡನೆಯ ಕೆಲಸ ಕಂಪ್ಯೂಟರಿನದು. 'ಗೂಗಲ್ ಡ್ರೈವ್ ಫಾರ್ ಡೆಸ್ಕ್‌ಟಾಪ್' ಎಂಬ ಪ್ರೋಗ್ರಾಂ ಹಾಕಿಕೊಳ್ಳಬೇಕು. ಅದರ ಸೆಟ್ಟಿಂಗ್‌ನಲ್ಲಿ 'ಸ್ಟ್ರೀಮ್', 'ಮಿರರ್' ಎಂದು ಎರಡು ದಾರಿಗಳಿವೆ. ಸ್ಟ್ರೀಮ್ ಎಂದರೆ ಕಡತ ಮೋಡದಲ್ಲೇ ಇದ್ದು ಕಂಪ್ಯೂಟರಿನಲ್ಲಿ ಅದರ ಹೆಸರು ಮಾತ್ರ ಕಾಣಿಸುವುದು, ತೆರೆದಾಗ ಇಳಿದುಬರುತ್ತದೆ. ಮಿರರ್ ಎಂದರೆ ಪೂರ್ತಿ ಪ್ರತಿ ಕಂಪ್ಯೂಟರಿನಲ್ಲೂ ಇರುವುದು. ನಮ್ಮ ಅಭಿಪ್ರಾಯದಲ್ಲಿ ಗಲ್ಲಾದ ಕಂಪ್ಯೂಟರಿಗೆ ಮಿರರ್ ಒಳ್ಳೆಯದು. ಇಂಟರ್‌ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ, ಬಂದ ಮೇಲೆ ತಾನೇ ಸರಿಹೊಂದಿಸಿಕೊಳ್ಳುತ್ತದೆ. ರಾತ್ರಿ ಕಂಪ್ಯೂಟರ್ ಆರಿಸುವ ಮೊದಲು ಕೆಳಗಿನ ಮೂಲೆಯ ಡ್ರೈವ್ ಚಿಹ್ನೆಯನ್ನು ಒತ್ತಿ, ಎಲ್ಲವೂ ಮೇಲೆ ಹೋಗಿದೆಯೇ ಎಂದು ನೋಡುವ ಅಭ್ಯಾಸ ಗಲ್ಲಾದವನಿಗೆ ಇರಲಿ. 2023ರ ನವೆಂಬರಿನಲ್ಲಿ ಈ ಪ್ರೋಗ್ರಾಂನ ಒಂದು ಆವೃತ್ತಿಯ ದೋಷದಿಂದ ಕೆಲವರ ಕಂಪ್ಯೂಟರಿನಲ್ಲಿ ಕಡತಗಳು ಕಾಣದಾದವು. ಗೂಗಲ್ ಮರುತಿಂಗಳು ಅವನ್ನು ಹಿಂದಕ್ಕೆ ಪಡೆಯುವ ಕ್ರಮವನ್ನು ಪ್ರಕಟಿಸಬೇಕಾಯಿತು.

ಮೊಬೈಲಿನ ರೀತಿ ಬೇರೆ. ಅಲ್ಲಿ ಡ್ರೈವ್ ಆ್ಯಪ್ ಎಲ್ಲ ಕಡತಗಳನ್ನೂ ತಾನಾಗಿ ಇಳಿಸಿಕೊಳ್ಳುವುದಿಲ್ಲ, ಕಿಟಕಿಯ ಹಾಗೆ ತೋರಿಸುತ್ತದೆ ಅಷ್ಟೇ. ಘಟ್ಟದ ದಾರಿಯಲ್ಲಿ, ಊರಿನ ಮೂಲೆಯ ಮನೆಯಲ್ಲಿ ಬೇಕಾಗುವಂಥವನ್ನು, ಅಂದರೆ ಲೈಸೆನ್ಸು, ಕರಾರು, ಮೆಡಿಕಲ್ ಸರ್ಟಿಫಿಕೇಟು ಇಂಥವನ್ನು, ಒಂದೊಂದಾಗಿ ಆರಿಸಿ 'ಆಫ್‌ಲೈನ್' ಎಂದು ಗುರುತು ಮಾಡಿಕೊಳ್ಳಬೇಕು. ಕಾಗದಗಳನ್ನು ಸಾದಾ ಕ್ಯಾಮರಾದಿಂದ ಫೋಟೋ ತೆಗೆಯುವ ಬದಲು ಡ್ರೈವ್ ಆ್ಯಪಿನ 'ಸ್ಕ್ಯಾನ್' ಬಳಸಿ. ಅಂಚು ಕತ್ತರಿಸಿ, ನೆರಳು ತೆಗೆದು, ಪಿ.ಡಿ.ಎಫ್. ಮಾಡಿ ನೇರವಾಗಿ ಫೋಲ್ಡರಿಗೆ ಹಾಕುತ್ತದೆ. ಹೆಸರು ಕೊಡುವಾಗ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ವಿಷಯ: '2025-06 ಹಾಲು' ಎಂಬಂತೆ. ಹೀಗೆ ಮಾಡಿದರೆ ಪಟ್ಟಿ ತಾನಾಗಿ ಕಾಲಕ್ರಮದಲ್ಲಿ ಕೂರುತ್ತದೆ. 'ಹೊಸ ಬಿಲ್ಲು', 'ತೀರಾ ಹೊಸ ಬಿಲ್ಲು' ಎಂದು ಹೆಸರಿಟ್ಟರೆ ಆರು ತಿಂಗಳ ಬಳಿಕ ದೇವರಿಗೂ ಅರ್ಥವಾಗದು.

ಮದುವೆ ಆರ್ಡರು, ಮುಂಗಡ ಇವುಗಳ ಪಟ್ಟಿಯನ್ನು ಎಕ್ಸೆಲ್ ಕಡತದಲ್ಲಿಟ್ಟು ಎರಡು ಕಡೆ ತಿದ್ದಬೇಡಿ. ಗಲ್ಲಾದಲ್ಲಿ ಇಂಟರ್‌ನೆಟ್ ಇಲ್ಲದಾಗ ಮ್ಯಾನೇಜರ್ ಒಂದು ಆರ್ಡರ್ ಬರೆದ, ಅದೇ ಹೊತ್ತಿಗೆ ನೀವು ಊರಿನಿಂದ ಇನ್ನೊಂದು ಬರೆದಿರಿ ಎಂದಿಟ್ಟುಕೊಳ್ಳಿ. ಕಡತ ಎರಡಾಗಿ ಒಡೆಯುತ್ತದೆ, ಇಲ್ಲವೇ ಒಂದರ ಮೇಲೆ ಇನ್ನೊಂದು ಕೂರುತ್ತದೆ. ಒಂದೇ ದಿನಕ್ಕೆ ಇಬ್ಬರಿಗೆ ಮುನ್ನೂರು ಎಲೆ ಊಟ ಒಪ್ಪಿಕೊಂಡ ಸಂಗತಿ ಮುಹೂರ್ತದ ಹಿಂದಿನ ದಿನ ಗೊತ್ತಾದರೆ ಯಾವ ಭಟ್ಟರೂ ಉಳಿಸಲಾರರು. ಇದಕ್ಕೆ ಗೂಗಲ್ ಶೀಟ್ಸ್ ಬಳಸಿ. ಇಬ್ಬರೂ ಒಂದೇ ಹಾಳೆಯಲ್ಲಿ ಬರೆಯುತ್ತೀರಿ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಆಗಲೇ ಕಾಣುತ್ತದೆ, ಯಾರು ಯಾವಾಗ ಏನು ತಿದ್ದಿದರು ಎಂಬ ದಾಖಲೆಯೂ ಉಳಿಯುತ್ತದೆ.

ಟ್ಯಾಲಿಯ ವಿಷಯದಲ್ಲಿ ಬೇರೆ ಎಚ್ಚರಿಕೆ ಬೇಕು. ಟ್ಯಾಲಿ ನಮ್ಮ ಬೆಂಗಳೂರಿನದೇ ಸಾಫ್ಟ್‌ವೇರು, ನಮ್ಮ ಸಿ.ಎ.ಗಳ ಅನ್ನವೇ ಅದು. ಅದರ ಡೇಟಾ ಫೋಲ್ಡರನ್ನು ಸಿಂಕ್ ಆಗುವ ಫೋಲ್ಡರಿನೊಳಗೆ ಇಡಲೇಬಾರದು. ಟ್ಯಾಲಿ ಬರೆಯುತ್ತಿರುವಾಗಲೇ ಸಿಂಕ್ ಪ್ರೋಗ್ರಾಂ ಅದನ್ನು ಮೇಲಕ್ಕೆ ಎಳೆಯತೊಡಗಿದರೆ, ಅರ್ಧ ಹಳೆಯದು ಅರ್ಧ ಹೊಸದು ಸೇರಿ ಲೆಕ್ಕ ಕೆಡಬಹುದು. ಡೇಟಾ ಅದರ ಜಾಗದಲ್ಲೇ ಇರಲಿ. ದಿನದ ವ್ಯಾಪಾರ ಮುಗಿದು ಟ್ಯಾಲಿಯಲ್ಲೇ ಬ್ಯಾಕಪ್ ತೆಗೆದು, ಆ ಬ್ಯಾಕಪ್ ಕಡತವನ್ನು ಮಾತ್ರ ಡ್ರೈವ್ ಫೋಲ್ಡರಿಗೆ ಹಾಕಿ.

ಈಗ ಮುಖ್ಯ ಮಾತಿಗೆ ಬರುತ್ತೇವೆ. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಒಂದು ಕಡೆ ಬದಲಾದದ್ದು ಎಲ್ಲ ಕಡೆ ಬದಲಾಗುತ್ತದೆ ಎಂದೆವಲ್ಲ, ಒಂದು ಕಡೆ ಅಳಿಸಿದ್ದೂ ಎಲ್ಲ ಕಡೆ ಅಳಿಯುತ್ತದೆ. ಫೋನಿನಲ್ಲಿ ಜಾಗ ಮಾಡಲು ಮಗ 'ಸಂಬಳ' ಎಂಬ ಫೋಲ್ಡರ್ ಅಳಿಸಿದರೆ ಗಲ್ಲಾದಲ್ಲೂ ಅದು ಇರುವುದಿಲ್ಲ. ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಬೇಸಿಗೆಯಲ್ಲಿ ನಾವು ಊರಿಗೆ ಹೋಗಿ ಕೂರುವುದೂ ಒಂದು ತಿಂಗಳೇ, ಇದನ್ನು ನೆನಪಿಡಿ. ಹಾಗೆಯೇ ಕಂಪ್ಯೂಟರಿಗೆ ಕಡತಗಳನ್ನು ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ವೈರಸ್ ಹೊಕ್ಕರೆ, ಬೀಗ ಬಿದ್ದ ಕಡತಗಳನ್ನೇ ಸಿಂಕ್ ನಿಷ್ಠೆಯಿಂದ ಮೋಡಕ್ಕೆ ಕಳಿಸುತ್ತದೆ.

ದೊಡ್ಡವರೂ ಈ ವಿಷಯದಲ್ಲಿ ಮೈಮರೆತದ್ದುಂಟು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್ ನಗರದ ಸರಕಾರಿ ಕಂಪ್ಯೂಟರ್ ಕೇಂದ್ರದಲ್ಲಿ ಬ್ಯಾಟರಿಯಿಂದ ಬೆಂಕಿ ಎದ್ದಿತು. ಸರಕಾರಿ ನೌಕರರು ಕಡತ ಇಡುತ್ತಿದ್ದ 'ಜಿ-ಡ್ರೈವ್' ಎಂಬ ಸಂಗ್ರಹ, 858 ಟೆರಾಬೈಟ್‌ನಷ್ಟು, ಸುಟ್ಟುಹೋಯಿತು. ಅದರ ಪ್ರತಿ ಬೇರೆಲ್ಲೂ ಇರಲಿಲ್ಲ.

ಕಾನೂನು ಕೂಡ ಇದನ್ನೇ ಹೇಳುತ್ತದೆ. ಜಿ.ಎಸ್.ಟಿ. ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಕಾಪಾಡಬೇಕು. 2024-25ರ ಗಡುವು 2025ರ ಡಿಸೆಂಬರ್ 31. ಹಾಗಾಗಿ ಆ ಸಾಲಿನ ಬಿಲ್ಲುಗಳು 2031ರ ಡಿಸೆಂಬರ್ 31ರ ತನಕ ಇರಬೇಕು. ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರು ಸರಿಯಾದ ಬ್ಯಾಕಪ್ ಇಟ್ಟಿರಬೇಕು, ಅಪಘಾತದಿಂದ ದಾಖಲೆ ನಾಶವಾದರೆ ತಕ್ಕ ಸಮಯದಲ್ಲಿ ಹಿಂದಕ್ಕೆ ಪಡೆಯುವಂತಿರಬೇಕು ಎಂದು 57ನೇ ನಿಯಮ ಹೇಳುತ್ತದೆ. "ಹಾರ್ಡ್ ಡಿಸ್ಕ್ ಹೋಯ್ತು ಸಾರ್" ಎಂಬ ಉತ್ತರ ಅಧಿಕಾರಿಯ ಮುಂದೆ ನಡೆಯುವುದಿಲ್ಲ.

ಆದ್ದರಿಂದ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳಿ. ತಿಂಗಳ ಸಂಕ್ರಮಣದ ದಿನ ನಮಗೆಲ್ಲ ಮರೆಯುವುದಿಲ್ಲವಷ್ಟೆ? ಅಂದೇ ಡ್ರೈವ್ ಫೋಲ್ಡರನ್ನು ಪೂರ್ತಿ ಅದಕ್ಕೆ ನಕಲು ಮಾಡಿ, ತಂತಿ ಬಿಚ್ಚಿ, ಬೀರುವಿನಲ್ಲಿಡಿ. ತಂತಿ ಬಿಚ್ಚುವುದು ಮುಖ್ಯ; ಸದಾ ಸಿಕ್ಕಿಸಿಟ್ಟರೆ ವೈರಸ್ ಅದನ್ನೂ ಬಿಡುವುದಿಲ್ಲ. ಭಟ್ಟಿಯ ಮಗ್ಗುಲಿನ ಕೋಣೆಯಲ್ಲಿ ಇಡಬೇಡಿ. ನಕಲು ಮಾಡಿದ ಮೇಲೆ ಹಳೆಯದೊಂದು ಬಿಲ್ಲನ್ನು ಅದರಿಂದ ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಯಾರಿಗೆ ಏನು ಕಾಣಬೇಕು ಎಂಬುದನ್ನೂ ನಿರ್ಧರಿಸಿ. ಸಿ.ಎ. ಅವರಿಗೆ ಲೆಕ್ಕದ ಫೋಲ್ಡರ್ ಮಾತ್ರ, ಮ್ಯಾನೇಜರನಿಗೆ ಆರ್ಡರು ಮತ್ತು ಲೈಸೆನ್ಸು. ಹಂಚುವಾಗ 'ಲಿಂಕ್ ಇರುವ ಯಾರಾದರೂ' ಎಂಬುದನ್ನು ಆರಿಸಲೇಬೇಡಿ, ಅವರವರ ಇಮೇಲ್ ವಿಳಾಸವನ್ನೇ ಹಾಕಿ. ಹುಡುಗರ ಆಧಾರ್ ಪ್ರತಿ ನಿಮ್ಮಲ್ಲಿದ್ದರೆ ಅದು ಅವರು ನಂಬಿ ಕೊಟ್ಟ ವಸ್ತು. ಸಾಧ್ಯವಾದಲ್ಲಿ ಮೊದಲ 8 ಅಂಕೆ ಮರೆಮಾಡಿದ 'ಮಾಸ್ಕ್ಡ್ ಆಧಾರ್' ತೆಗೆದುಕೊಳ್ಳಿ. ಸಾಂಬಾರ್ ಪುಡಿಯ ಅಳತೆಯನ್ನು ಡ್ರೈವ್‌ನಲ್ಲಿ ಇಡಬೇಕೇ ಎಂದು ಕೇಳಿದರೆ, ಅಜ್ಜಿಯ ಕಾಲದಿಂದ ಬಂದ ಅಳತೆ ಒಬ್ಬರ ತಲೆಯಲ್ಲೇ ಉಳಿದು ಅವರೊಡನೆ ಹೋಗುವುದಕ್ಕಿಂತ ಇಡುವುದೇ ಲೇಸು ಎನ್ನುತ್ತೇವೆ, ಆದರೆ ಯಾರಿಗೂ ಹಂಚದೆ. ಯಾರಾದರೂ ಕೆಲಸ ಬಿಟ್ಟ ದಿನ ಸಂಬಳ ಚುಕ್ತಾ ಮಾಡುವಾಗಲೇ ಅವರ ಹೆಸರನ್ನು ಫೋಲ್ಡರಿನಿಂದ ತೆಗೆಯಿರಿ; ಖಾತೆಯ 'ಡಿವೈಸಸ್' ಪಟ್ಟಿಯಲ್ಲಿ ಅವರ ಫೋನು ಇದ್ದರೆ ಸೈನ್ ಔಟ್ ಮಾಡಿ ಪಾಸ್‌ವರ್ಡ್ ಬದಲಿಸಿ.

ಇದನ್ನೆಲ್ಲ ಮಾಡಲು ಒಂದು ಬಿಡುವಿನ ಮಧ್ಯಾಹ್ನ ಸಾಕು. ಆದರೆ ಆಷಾಢದ ವಾರಿಯ ದಿನಗಳನ್ನು ಬಿಟ್ಟುಬಿಡಿ. ತುಕಾರಾಮ ಮಹಾರಾಜರ ಪಾಲಖಿ ಇಂದಾಪುರಕ್ಕೆ ಬಂದಾಗ ನಮಗೆ ನಿಲ್ಲಲು ಪುರುಸೊತ್ತಿರುವುದಿಲ್ಲ, ಜನಸಂದಣಿಯಲ್ಲಿ ಫೋನಿನ ನೆಟ್‌ವರ್ಕಿಗೂ ಇರುವುದಿಲ್ಲ. ಪಾಲಖಿ ಬರುವ ವಾರದ ಮೊದಲೇ ಬೇಕಾದ ಕಾಗದಗಳನ್ನು 'ಆಫ್‌ಲೈನ್' ಮಾಡಿಕೊಂಡು, ಆ ಎರಡು ದಿನದ ಆರ್ಡರನ್ನು ಕಾಗದದಲ್ಲೇ ಬರೆದು, ಪಾಲಖಿ ಸರಾಟಿಯ ಕಡೆ ಹೊರಟ ಮೇಲೆ ಶೀಟ್ಸ್‌ಗೆ ಏರಿಸಿದರಾಯಿತು.