ಚಂಡಮಾರುತ ಒಂದೇ ದಿನದಲ್ಲಿ ಬಲಿತರೆ: ಕರಾವಳಿಯ ಮನೆ, ದೋಣಿಗಳಿಗೆ ಸಿದ್ಧತೆ

2023ರ ಅಕ್ಟೋಬರ್ 24ರ ಬೆಳಿಗ್ಗೆ ಮೆಕ್ಸಿಕೋದ ಪೆಸಿಫಿಕ್ ಕಡಲಲ್ಲಿದ್ದ ‘ಓಟಿಸ್’ ಇನ್ನೂ ಸಾಧಾರಣ ಬಿರುಗಾಳಿ. ಅಂದೇ ನಡುರಾತ್ರಿ ಕಳೆಯುತ್ತಿದ್ದಂತೆ ಅದು ಅಕಾಪುಲ್ಕೊ ನಗರಕ್ಕೆ ಅಪ್ಪಳಿಸಿದಾಗ ಗಾಳಿಯ ವೇಗ ಗಂಟೆಗೆ 250 ಕಿ.ಮೀ. ದಾಟಿತ್ತು. ಇಷ್ಟು ಬೇಗ ಬಲಿಯುತ್ತದೆಂದು ಮುನ್ಸೂಚನೆಗಳು ಹಿಡಿದಿರಲಿಲ್ಲ. ನಮ್ಮ ಕಡಲಲ್ಲೂ ಹೀಗಾಗಿದೆ. 2017ರ ನವೆಂಬರ್ ಕೊನೆಗೆ ಕನ್ಯಾಕುಮಾರಿ ಸಮೀಪ ‘ಓಖಿ’ ದಿನದೊಳಗೇ ಚಂಡಮಾರುತವಾಯಿತು. ಕೇರಳ, ತಮಿಳುನಾಡಿನ ಎಷ್ಟೋ ದೋಣಿಗಳು ಅಷ್ಟರಲ್ಲಾಗಲೇ ಕಡಲಿಗಿಳಿದಿದ್ದವು. ಬಹಳ ಮಂದಿ ಮೀನುಗಾರರು ಮರಳಿ ಬರಲಿಲ್ಲ.

24 ಗಂಟೆಯೊಳಗೆ ಗಾಳಿಯ ವೇಗ ಗಂಟೆಗೆ ಸುಮಾರು 55 ಕಿ.ಮೀ.ನಷ್ಟು ಏರಿದರೆ ಅದನ್ನು ತಜ್ಞರು ಕ್ಷಿಪ್ರ ಬಲವರ್ಧನೆ ಎನ್ನುತ್ತಾರೆ. ನೀರು ಆಳದವರೆಗೂ ಬೆಚ್ಚಗಿದ್ದು, ಮೇಲಿನ ಗಾಳಿ ಚಂಡಮಾರುತವನ್ನು ಚದುರಿಸದಿದ್ದರೆ ಹೀಗಾಗುತ್ತದೆ. ಅರಬ್ಬಿ ಸಮುದ್ರದಲ್ಲಿ ಮಳೆಗಾಲಕ್ಕೆ ಮುಂಚಿನ ಮೇ–ಜೂನ್ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಎಚ್ಚರವಿರಬೇಕು.

ಸುದ್ದಿ ಕೇಳಿದ ಮೊದಲ ದಿನ

ಹವಾಮಾನ ಇಲಾಖೆ ಸುಮಾರು 72 ಗಂಟೆ ಮೊದಲು ಮುನ್ನೆಚ್ಚರ ಕೊಡುತ್ತದೆ. 48 ಗಂಟೆ ಇರುವಾಗ ಒಂದು, 24 ಗಂಟೆ ಇರುವಾಗ ಇನ್ನೊಂದು ಎಚ್ಚರಿಕೆ ಬರುತ್ತದೆ. ಬೇಗ ಬಲಿಯುವ ಚಂಡಮಾರುತದಲ್ಲಿ ಇವುಗಳ ನಡುವೆ ಇಷ್ಟು ಸಮಯ ಸಿಗದೆ ಹೋಗಬಹುದು. ಅದಕ್ಕೇ ‘ಚಂಡಮಾರುತ’ ಎಂಬ ಹೆಸರು ಬರುವವರೆಗೆ ಕಾಯಬೇಡಿ. ‘ವಾಯುಭಾರ ಕುಸಿತ’ ಎಂದು ಕಿವಿಗೆ ಬಿದ್ದ ದಿನವೇ ಕೊನೆಯ ದಿನಕ್ಕೆಂದು ಇಟ್ಟುಕೊಂಡ ಕೆಲಸಗಳನ್ನು ಮುಗಿಸಿ.

ಕಡಲಲ್ಲಿರುವವರು

ಎಲ್ಲಕ್ಕಿಂತ ಮೊದಲು ಆಗಬೇಕಾದ್ದು ಕಡಲಲ್ಲಿರುವವರ ಸುರಕ್ಷತೆ. ಆಳಸಮುದ್ರಕ್ಕೆ ಹೋದ ಬೋಟು ದಿನಗಟ್ಟಲೆ ಹೊರಗಿರುತ್ತದೆ, ದಡದಿಂದ ದೂರ ಹೋದಂತೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಹೊರಡುವಾಗಲೇ ಯಾವ ದಿಕ್ಕು, ಎಷ್ಟು ದೂರ, ಎಷ್ಟು ಜನ ಎಂಬುದನ್ನು ಮನೆಯವರಿಗೂ ಬಂದರಿನಲ್ಲೂ ಹೇಳಿ. ವೈರ್‌ಲೆಸ್ ಕೆಲಸ ಮಾಡುತ್ತಿದೆಯೇ ನೋಡಿ, ಲೈಫ್ ಜಾಕೆಟ್ ತಲೆಗೊಂದರಂತೆ ಇರಲಿ. ಎಚ್ಚರಿಕೆ ಬಂದರೆ ಊರಿನ ಬಂದರೇ ಬೇಕೆಂದು ಹಟ ಹಿಡಿಯಬಾರದು. ಗೋವಾ ಆಗಲಿ, ಮಹಾರಾಷ್ಟ್ರ ಆಗಲಿ, ಹತ್ತಿರದ ಬಂದರಿಗೆ ಹೋಗಿಬಿಡಿ. ಬಲೆ ಎಳೆದುಕೊಳ್ಳುವಷ್ಟು ಸಮಯವಿಲ್ಲವೆಂದರೆ ಬಲೆ ಬಿಟ್ಟು ಬನ್ನಿ. ಬಲೆಯ ಸಾಲ ಎಷ್ಟೆಂದು ನನಗೆ ಗೊತ್ತಿದೆ, ಆದರೂ ಬಿಟ್ಟು ಬನ್ನಿ. ಕರಾವಳಿ ಕಾವಲು ಪಡೆಯ ಸಹಾಯವಾಣಿ 1554. ದಡದಲ್ಲಿರುವ ನಾಡದೋಣಿಯ ಎಂಜಿನ್ ಬಿಚ್ಚಿ, ಅಲೆ ತಾಗದಷ್ಟು ಮೇಲಕ್ಕೆ ಎಳೆದು ಕಟ್ಟಿ.

ನಕ್ಷೆ ನೋಡಿ ನಿರಾಳವಾಗಬೇಡಿ

‘ಕೇಂದ್ರ ಮುನ್ನೂರು ಕಿಲೋಮೀಟರ್ ಆಚೆ ಇದೆಯಂತೆ, ಗುಜರಾತಿಗೆ ಹೋಗುತ್ತದಂತೆ’ ಎಂಬ ಮಾತು ನಮ್ಮಲ್ಲಿ ಬೇಗ ಹರಡುತ್ತದೆ. ಉತ್ತರಾರ್ಧಗೋಳದ ಚಂಡಮಾರುತದಲ್ಲಿ ಗಾಳಿ ಅಪ್ರದಕ್ಷಿಣವಾಗಿ ಸುತ್ತುತ್ತದೆ. ಅದು ನಮ್ಮ ಪಶ್ಚಿಮಕ್ಕೆ ಇದ್ದುಕೊಂಡು ಉತ್ತರಕ್ಕೆ ಸಾಗುವಾಗ ಬಲ ಹೆಚ್ಚಿರುವ ಬಲಮಗ್ಗುಲು ನಮ್ಮ ಕಡೆಗೇ ಇರುತ್ತದೆ. ಅದು ಎಬ್ಬಿಸಿದ ದೊಡ್ಡ ಅಲೆಗಳು ಬಹು ದೂರದ ದಡವನ್ನೂ ಕೊರೆಯುತ್ತವೆ. 2021ರ ಮೇ 17ರ ರಾತ್ರಿ ‘ತೌಕ್ತೆ’ ದಡ ಸೇರಿದ್ದು ಗುಜರಾತಿನಲ್ಲಿ. ಅದಕ್ಕೆ ಮೊದಲೇ ನಮ್ಮ ಕರಾವಳಿಯ ಉಳ್ಳಾಲ, ಸೋಮೇಶ್ವರದ ಮನೆಗಳಿಗೆ ಕಡಲು ನುಗ್ಗಿತ್ತು. ಹಾಗಾಗಿ ಗಾಳಿಯ ಮುನ್ಸೂಚನೆಯ ಜೊತೆಗೆ ಅಲೆಯ ಎತ್ತರದ ಎಚ್ಚರಿಕೆಯನ್ನೂ, ಊರಿನ ಭರತದ ಹೊತ್ತನ್ನೂ ನೋಡಿ.

ಮನೆಯಲ್ಲಿ

ಮಾಡಿನ ಮೇಲೆ ಬಾಗಿದ ತೆಂಗಿನ ಕಾಯಿ, ಒಣ ಮಡಲು ಇಳಿಸಿ. ಸಡಿಲವಾದ ಶೀಟು ಬಿಗಿಯಿರಿ, ಆಗದಿದ್ದರೆ ಕೆಳಗಿಳಿಸಿ. ಹಾರುವ ಶೀಟು ಜೀವ ತೆಗೆಯುತ್ತದೆ. ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್, ಹಕ್ಕುಪತ್ರ, ದಿನದ ಮಾತ್ರೆ, ಸ್ವಲ್ಪ ನಗದು ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಫೋನ್ ಚಾರ್ಜ್ ಮಾಡಿ, ಬಾವಿ ನೀರು ಕೆಡುವ ಮುಂಚೆ ಕುಡಿಯುವ ನೀರು ತುಂಬಿಡಿ.

ಕಡಲಂಚಿನಲ್ಲೋ ಅಳಿವೆಯ ಪಕ್ಕದಲ್ಲೋ ಮನೆಯಿದ್ದರೆ ಹಗಲಿರುವಾಗಲೇ ಕಾಳಜಿ ಕೇಂದ್ರಕ್ಕೆ ಹೋಗಿ. ವಯಸ್ಸಾದವರನ್ನು, ಬಾಣಂತಿಯರನ್ನು ಮೊದಲು ಕಳಿಸಿ. ಹೊರಡುವಾಗ ದನಗಳ ಹಗ್ಗ ಬಿಚ್ಚಿ, ಮೇನ್ ಸ್ವಿಚ್ ಆರಿಸಿ, ಗ್ಯಾಸ್ ಮುಚ್ಚಿ. ಜಿಲ್ಲೆಯ ವಿಪತ್ತು ಸಹಾಯವಾಣಿ 1077, ತುರ್ತಿಗೆ 112.

ಹೆಂಚಿನ ಮನೆಯಲ್ಲೇ ಉಳಿಯುವುದಾದರೆ ಕಿಟಕಿಯಿಂದ ದೂರದ ಒಳಕೋಣೆಯಲ್ಲಿರಿ, ನೆರೆಯಲ್ಲಿ ತಾರಸಿ ಮನೆಯಿದ್ದರೆ ಅಲ್ಲಿಗೆ ಹೋಗುವುದು ಮೇಲು. ಗಾಳಿ ತಟ್ಟನೆ ನಿಂತರೆ ಹೊರಗೆ ಬರಬೇಡಿ. ಚಂಡಮಾರುತದ ಕಣ್ಣು ನಿಮ್ಮ ಮೇಲೆ ಹಾಯುತ್ತಿರಬಹುದು. ಅದು ದಾಟಿದೊಡನೆ ಎದುರು ದಿಕ್ಕಿನಿಂದ ಅಷ್ಟೇ ಜೋರಾಗಿ ಗಾಳಿ ಬೀಸುತ್ತದೆ.

ನಿಂತ ಮೇಲೆ

ಬಿದ್ದ ತಂತಿಯ ಹತ್ತಿರ ಹೋಗದೆ 1912ಕ್ಕೆ ಕರೆ ಮಾಡಿ. ಉಪ್ಪುನೀರು ಅಥವಾ ಕೊಳೆನೀರು ಸೇರಿದ ಬಾವಿಯ ನೀರನ್ನು ಪೂರ್ತಿ ಹೊರಹಾಕಿ, ಬ್ಲೀಚಿಂಗ್ ಪುಡಿ ಹಾಕಿಸುವವರೆಗೆ ಕುಡಿಯಬೇಡಿ. ಗುಡಿಸಿ ಸರಿಪಡಿಸುವ ಮುಂಚೆಯೇ ಮನೆ, ದೋಣಿ, ತೋಟದ ಹಾನಿಯ ಫೋಟೊಗಳನ್ನು ತೆಗೆದು ಗ್ರಾಮ ಆಡಳಿತಾಧಿಕಾರಿಗೆ ತೋರಿಸಿ, ಪರಿಹಾರದ ಅರ್ಜಿಯನ್ನು ಅದೇ ವಾರ ಕೊಡಿ.